‘ದಿ ಫೈನಾನ್ಸಿಯರ್’: 60,000 ಡಾಲರ್ ಚೆಕ್ ಅರ್ಥವಾಗದೆ ಕಥೆ ಅರ್ಥವಾಗಲ್ಲ

ಥಿಯೊಡೋರ್ ಡ್ರೈಸರ್‌ನ ಈ ಕಾದಂಬರಿ ಬಂದದ್ದು 1912ರಲ್ಲಿ. ಕಥೆಯ ಮುಖ್ಯ ಭಾಗ ಅದಕ್ಕೂ ನಲವತ್ತು ವರ್ಷ ಹಿಂದಿನ ಫಿಲಡೆಲ್ಫಿಯಾದಲ್ಲಿ ನಡೆಯುತ್ತದೆ. ನಾಯಕ ಫ್ರಾಂಕ್ ಕೌಪರ್‌ವುಡ್‌ಗೆ ಮಾದರಿ ಚಾರ್ಲ್ಸ್ ಯರ್ಕಿಸ್ ಎಂಬ ನಿಜವಾದ ಉದ್ಯಮಿ.

ಈ ಕಾದಂಬರಿಯಲ್ಲಿ ಮಹತ್ವಾಕಾಂಕ್ಷೆಯ ಬಗ್ಗೆ ಬರೆಯಿರಿ ಅಂದ ಕೂಡಲೇ ಎಲ್ಲರೂ ಲಾಬ್‌ಸ್ಟರ್ ಮತ್ತು ಸ್ಕ್ವಿಡ್ ಎಂಬ ಕಡಲಜೀವಿಗಳ ಬಗ್ಗೆ ಬರೆಯುತ್ತಾರೆ. ತೊಟ್ಟಿಯಲ್ಲಿ ಮೊದಲನೆಯದು ಎರಡನೆಯದನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುವುದನ್ನು ಹುಡುಗ ಫ್ರಾಂಕ್ ನೋಡುತ್ತಾನೆ. ಬರೆಯಿರಿ, ಬೇಡ ಅನ್ನಲ್ಲ. ಆದರೆ ನನಗೆ ಸೋಪಿನ ಪ್ರಸಂಗವೇ ಜಾಸ್ತಿ ಮುಖ್ಯ. ಹರಾಜಿನಲ್ಲಿ 32 ಡಾಲರಿಗೆ ಸೋಪಿನ ಪೆಟ್ಟಿಗೆಗಳನ್ನು ಕೂಗಿ, ದಿನಸಿ ಅಂಗಡಿಗೆ 62ಕ್ಕೆ ಮಾರುತ್ತಾನೆ. ಲಾಭ ಬಿಡಿ. ಕೊಳ್ಳುವ ದುಡ್ಡು ಅವನದಲ್ಲ, ಅದನ್ನು ನೋಡಿ. ಬೇರೆಯವರ ದುಡ್ಡಿನಿಂದ ಮೇಲೇರುವುದು ಅಲ್ಲಿಂದಲೇ ಶುರು.

ಈಗ ಎಲ್ಲರೂ ಮುಗ್ಗರಿಸುವ ಜಾಗ: ನಗರದ ಸಾಲಪತ್ರಗಳು, ಅಂದರೆ ನಗರ ಸಾಲ ಪಡೆದು ಅದಕ್ಕೆ ಕೊಟ್ಟ ಪತ್ರಗಳು. ಪೇಟೆಯಲ್ಲಿ ಕಡಿಮೆ ಬೆಲೆಗೆ ಹೋಗುತ್ತಿದ್ದ ಅವನ್ನು ಮುಖಬೆಲೆಗೆ (ಪತ್ರದ ಮೇಲೆ ಬರೆದ ಬೆಲೆಗೆ) ಏರಿಸುವ, ನಗರದ ಖಜಾಂಚಿ ಸ್ಟೆನರ್ ಕೆಲಸವನ್ನು ಕೌಪರ್‌ವುಡ್‌ಗೆ ಕೊಡುತ್ತಾನೆ. ಜೊತೆಗೆ ನಗರದ ದುಡ್ಡೂ ಅವನ ಕೈಗೆ ಬರುತ್ತದೆ. ಅವನು ಪತ್ರ ಕೊಂಡು, ಅದನ್ನೇ ಬ್ಯಾಂಕಿನಲ್ಲಿ ಅಡ ಇಟ್ಟು, ಬಂದ ಸಾಲದಲ್ಲಿ ಮತ್ತೆ ಕೊಳ್ಳುತ್ತಾನೆ. ಒಡವೆ ಅಡ ಇಟ್ಟು ಬಂದ ದುಡ್ಡಲ್ಲಿ ಇನ್ನೊಂದು ಒಡವೆ ಮಾಡಿಸಿ, ಅದನ್ನೂ ಅಡ ಇಟ್ಟ ಹಾಗೆ.

ಲೆಕ್ಕ ಹಾಕಿ ನೋಡೋಣ (ಅಂಕಿಗಳು ನನ್ನವು, ಕಾದಂಬರಿಯವಲ್ಲ). ಬ್ಯಾಂಕ್ ಬೆಲೆಯ ನೂರಕ್ಕೆ 80 ಸಾಲ ಕೊಡುತ್ತದೆ ಅಂದುಕೊಳ್ಳಿ. 100 ಡಾಲರ್ ಪತ್ರಕ್ಕೆ 80 ಸಾಲ. ಆ 80ರಲ್ಲಿ ಕೊಂಡ ಪತ್ರಕ್ಕೆ 64. ಆ 64ರ ಪತ್ರಕ್ಕೆ ಸುಮಾರು 51. ಈ ಕೊನೆಯ 51 ಕುದುರೆ ಟ್ರಾಮ್ ಕಂಪನಿಯ ಷೇರಿಗೆ ಹೋಯಿತು. ನೂರು ಡಾಲರಿನವನ ಹೆಸರಲ್ಲಿ 244 ಡಾಲರ್ ಪತ್ರ, ಮೇಲೆ ಷೇರು. ಬೆಲೆ ಏರುವಾಗ ಮಜವೇ ಮಜ. ಬೆಲೆ ನೂರಕ್ಕೆ 20 ಇಳಿದರೆ? ಮೊದಲ ಪತ್ರ 80ಕ್ಕೆ ಬಂತು, ಬ್ಯಾಂಕ್ ಅದಕ್ಕೆ ಕೊಡುವುದು 64 ಮಾತ್ರ, ಹಾಗಾಗಿ 16 ವಾಪಸ್ ಕೇಳುತ್ತದೆ. ಎರಡನೆಯದಕ್ಕೆ ಸುಮಾರು 13, ಮೂರನೆಯದಕ್ಕೆ 10. ಒಟ್ಟು 39 ಡಾಲರ್, ಈಗಲೇ, ನಗದಾಗಿ. ಅವನು ದಿವಾಳಿಯೇನಲ್ಲ. ಆಸ್ತಿ ಇದೆ, ಆದರೆ ಕೈಯಲ್ಲಿ ನಗದಿಲ್ಲ. ಇದು ತಲೆಗೆ ಹೋಗದಿದ್ದರೆ ಮುಂದಿನ ಅರ್ಧ ಪುಸ್ತಕ ಸುಮ್ನೆ ಗಲಾಟೆ ಅನ್ನಿಸುತ್ತದೆ.

1871ರ ಅಕ್ಟೋಬರ್‌ನಲ್ಲಿ ಶಿಕಾಗೊ ಹೊತ್ತಿ ಉರಿದಾಗ ಆಗುವುದೂ ಇದೇ. ಬೆಂಕಿ ಅಲ್ಲಿ, ಬೆಲೆ ಬಿದ್ದು ಸಾಲ ವಾಪಸ್ ಕೇಳುವ ಬ್ಯಾಂಕು ಇಲ್ಲಿ ಫಿಲಡೆಲ್ಫಿಯಾದಲ್ಲಿ. ಆಗಲೇ 60,000 ಡಾಲರ್ ಚೆಕ್ ಬರುತ್ತದೆ. ನಗರ ತನ್ನ ಸಾಲ ತೀರಿಸಲು ಇಟ್ಟ ಸಿಂಕಿಂಗ್ ಫಂಡ್‌ಗೆ ಪತ್ರ ಕೊಂಡಿದ್ದೇನೆ ಎಂದು ಹೇಳಿ ಕೌಪರ್‌ವುಡ್ ಚೆಕ್ ಪಡೆಯುತ್ತಾನೆ. ಪತ್ರಗಳನ್ನು ಮಾತ್ರ ಫಂಡ್‌ಗೆ ಒಪ್ಪಿಸುವುದಿಲ್ಲ. ಇದು ಕಳ್ಳತನವೋ, ತಡವೋ? ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುವುದು ವಾಡಿಕೆ ಎನ್ನುವುದು ಅವನ ವಾದ. ಡ್ರೈಸರ್ ಇಲ್ಲಿ ಜಾಣ: ಇದೇ ಕೆಲಸ ಹಿಂದೆ ನಡೆದಾಗ ಯಾರೂ ಕೇಳಿರಲಿಲ್ಲ. ಈಗ ಕೇಳುವುದಕ್ಕೆ ಒಂದು ಕಾರಣ, ರಾಜಕೀಯ ಬಲವಿರುವ ಬಟ್ಲರ್‌ಗೆ ತನ್ನ ಮಗಳು ಐಲೀನ್ ಜೊತೆ ಇವನ ಸಂಬಂಧ ಗೊತ್ತಾಗಿರುತ್ತದೆ. ನ್ಯಾಯ ಯಾವುದು, ಸೇಡು ಯಾವುದು ಅಂತ ಬಿಡಿಸಲು ಆಗಲ್ಲ.

ಕೊನೆಗೆ ಅವನು ಜೈಲಿಗೆ ಹೋಗುತ್ತಾನೆ. ಆ ಅಧ್ಯಾಯಗಳು ಉದ್ದ. ಪರೀಕ್ಷೆಗಾದರೆ ಬೇಗ ದಾಟಿ.

ಬಿಡುಗಡೆಯಾದ ಮೇಲೆ, 1873ರ ಸೆಪ್ಟೆಂಬರ್ 18ರಂದು, ಜೇ ಕುಕ್ ಎಂಬ ದೊಡ್ಡ ಬ್ಯಾಂಕಿಂಗ್ ಕಂಪನಿ ಮುಳುಗಿ ಷೇರುಪೇಟೆ ಕುಸಿಯುತ್ತದೆ. ಇದು ಇತಿಹಾಸದಲ್ಲೂ ನಿಜ. ಕೌಪರ್‌ವುಡ್ ಈ ಸಲ ಶಾರ್ಟ್ ಮಾಡುತ್ತಾನೆ, ಅಂದರೆ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಕೊಡುತ್ತಾನೆ. ಮೇಲಿನ ಲೆಕ್ಕ ಇಟ್ಟುಕೊಂಡೇ ಈ ಭಾಗ ಓದಿ: ಅಂದು ಅವನಿಂದ ಕೇಳಿದ ಆ 39 ಡಾಲರನ್ನು ಈಗ ಬ್ಯಾಂಕುಗಳು ಬೇರೆಯವರಿಂದ ಕೇಳುತ್ತಿವೆ. ಅವರು ಗಾಬರಿಯಲ್ಲಿ ಮಾರುವ ಷೇರನ್ನೇ ಇವನು ಅಗ್ಗಕ್ಕೆ ಕೊಳ್ಳುತ್ತಾನೆ.