ತೋಳಿಗೊಂದು ಸೂಜಿ, ಗಾಯಕ್ಕೊಂದು ಸೂಜಿ

ನಾಯಿ ಕಚ್ಚಿ ಬಂದವರು ತೋಳಿಗೆ ಲಸಿಕೆ ಹಾಕಿಸಿಕೊಳ್ಳಲು ತಕರಾರು ಮಾಡುವುದಿಲ್ಲ. ಗಾಯದೊಳಕ್ಕೇ ಸೀರಮ್ ಚುಚ್ಚಬೇಕು ಎಂದ ಕೂಡಲೇ ಶುರುವಾಗುತ್ತದೆ: 'ಒಂದು ಹಾಕಿದ್ರಲ್ಲ ಸಾರ್, ಮತ್ಯಾಕೆ?' ಕೆಲವರಂತೂ 'ಟಿಟಿ ಆಗಿದೆ' ಎಂದು ಎದ್ದೇಬಿಡುತ್ತಾರೆ. ಟಿಟಿ ಧನುರ್ವಾಯುವಿಗೆ, ರೇಬಿಸ್‌ಗಲ್ಲ.

ತೋಳಿಗೆ ಹಾಕುವುದು ಸತ್ತ ವೈರಸ್. ಅದರ ಗುರುತು ಹಿಡಿದು ನಿಮ್ಮ ದೇಹವೇ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಅಸ್ತ್ರ, ತಯಾರಿಸಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ರಾಗಿ ಬಿತ್ತಿದ ದಿನವೇ ಮುದ್ದೆ ಉಣ್ಣಲಾಗದು, ಅವತ್ತಿಗೆ ಅಂಗಡಿಯ ಹಿಟ್ಟೇ ಗತಿ. ಸೀರಮ್ ಆ ಹಿಟ್ಟು: ಮನುಷ್ಯರ ಅಥವಾ ಕುದುರೆಯ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ. ವೈರಸ್ ನರ ಹೊಕ್ಕರೆ ಕೈಗೆ ಸಿಗದು, ಗಾಯದಲ್ಲಿರುವಾಗಲೇ ಹಿಡಿಯಬೇಕು. ಹಾಗಾಗಿ 'ಸೊಂಟಕ್ಕೇ ಹಾಕಿಬಿಡಿ' ಎಂದರೆ ನಾನು ಒಪ್ಪುವುದಿಲ್ಲ. ನೋವಾಗುತ್ತದೆ, ನಿಜ. ಬೆರಳ ತುದಿಯ ಗಾಯಕ್ಕಂತೂ ಕೇಳಲೇಬೇಡಿ.

'ಕುದುರೇದಾ?' ಎಂದು ಒಬ್ಬ ಅಜ್ಜಿ ಮೊಮ್ಮಗನ ಕೈ ಎಳೆದುಕೊಂಡರು. ಅದೇ ಗಾಯಕ್ಕೆ ಮನೆಯಲ್ಲಿ ಖಾರದಪುಡಿ ಮೆತ್ತಿ ತಂದಿದ್ದವರು ಅವರೇ! ಅದನ್ನೆಲ್ಲ ತೊಳೆಯುವಷ್ಟರಲ್ಲಿ ಹುಡುಗನಿಗಿಂತ ಹೆಚ್ಚು ಅತ್ತದ್ದೂ ಅವರೇ. ಖಾರ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ನಲ್ಲಿಯ ಕೆಳಗೆ 15 ನಿಮಿಷ ಸೋಪು ಹಾಕಿ ತೊಳೆದು ಬನ್ನಿ. ಕುದುರೆಯ ಸೀರಮ್ ಕೆಲವರಿಗೆ ಅಪರೂಪಕ್ಕೆ ಅಲರ್ಜಿಯಾಗಬಹುದು. ಆದ್ದರಿಂದಲೇ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೇವೆ, ಕಾಯಿಸಲಿಕ್ಕಲ್ಲ.

ಪ್ರತಿ ಪರಚಿಗೂ ಸೀರಮ್ ಬೇಕೆಂದು ನಾನು ಹೇಳುತ್ತಿಲ್ಲ. ರಕ್ತ ಬರುವಂತೆ ಕಚ್ಚಿದ್ದರೆ, ಗೀರಿದ್ದರೆ, ಒಡೆದ ಚರ್ಮವನ್ನು ನೆಕ್ಕಿದ್ದರೆ ಬೇಕು. ಗಾಯ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೊದಲ ದಿನವೇ ಆದರೆ ಒಳ್ಳೆಯದು. ಲಸಿಕೆ ಶುರುವಾಗಿ 7 ದಿನ ದಾಟಿದ ಮೇಲೆ ಕೊಡುವುದಿಲ್ಲ, ಅಷ್ಟರಲ್ಲಿ ನಿಮ್ಮದೇ ಪ್ರತಿಕಾಯ ಏಳತೊಡಗಿರುತ್ತದೆ.

ಇನ್ನು ಕೆಲವರು ಸೀರಮ್ ಆಯಿತೆಂದು ಲಸಿಕೆಯ ಉಳಿದ ಡೋಸ್‌ಗಳಿಗೆ ಬರುವುದೇ ಇಲ್ಲ. ಹೊರಗಿನಿಂದ ಕೊಟ್ಟದ್ದು ಕೆಲವು ವಾರಗಳಲ್ಲಿ ಕರಗುತ್ತದೆ ಮಾರಾಯ್ರೆ, ಲಸಿಕೆಯಿಲ್ಲದೆ ದೇಹಕ್ಕೆ ಅದನ್ನು ತಯಾರಿಸಲು ಬಾರದು.

ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಸೀರಮ್ ಬೇಕಿಲ್ಲ. ಸಾಮಾನ್ಯವಾಗಿ ಅಂದು ಒಂದು, ಮೂರನೇ ದಿನ ಒಂದು ಡೋಸ್ ಸಾಕು. ಹಳೆಯ ಚೀಟಿ ತನ್ನಿ. ಚಿಕ್ಕಂದಿನಲ್ಲಿ ಹೊಕ್ಕುಳ ಸುತ್ತ ಚುಚ್ಚಿಸಿಕೊಂಡವರು ಮಾತ್ರ ಆ ಲೆಕ್ಕ ಹೇಳಬೇಡಿ. ಅದು ಬೇರೆ ಲಸಿಕೆ, 2005ರಿಂದೀಚೆಗೆ ನಮ್ಮ ದೇಶದಲ್ಲಿ ಬಳಕೆಯಲ್ಲಿಲ್ಲ; ನಿಮಗೆ ಎಲ್ಲವೂ ಮೊದಲಿನಿಂದ.