ಧರೆ ಕುಸಿಯುವ ಮುನ್ನ ಅನುದಾನ ಕೇಳುವುದು

ಮಲೆನಾಡಿನ ಗ್ರಾಮ ಪಂಚಾಯಿತಿಗಳಿಗೆ ಅಂದಾಜು ಪಟ್ಟಿ ಮತ್ತು ಯೋಜನಾ ವರದಿ ತಯಾರಿಸಿಕೊಡುವ ಸಿವಿಲ್ ಎಂಜಿನಿಯರ್ ಆದ ನನ್ನ ಮೇಜಿಗೆ ಪ್ರತಿವರ್ಷ ಸೆಪ್ಟೆಂಬರ್ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಒಕ್ಕಣೆಯ ಕಾಗದಗಳು ಬರುತ್ತವೆ: ಈ ಬಾರಿಯ ಅತಿವೃಷ್ಟಿಯಿಂದ ಧರೆ ಕುಸಿದಿದ್ದು, ತಡೆಗೋಡೆ ನಿರ್ಮಾಣಕ್ಕೆ ಅನುದಾನ ಮಂಜೂರು ಮಾಡಬೇಕಾಗಿ ಕೋರಿಕೆ. ಆದ ನಷ್ಟಕ್ಕೆ ನೆರವು ಕೇಳುವಾಗ ಈ ಒಕ್ಕಣೆ ಸಾಕಾಗಬಹುದು. ಮುಂದೆ ಆಗಲಿರುವ ನಷ್ಟವನ್ನು ತಗ್ಗಿಸಲೆಂದೇ ಇರುವ ನಿಧಿಯ ಮುಂದೆ ಮಾತ್ರ ಇದು ನಿಲ್ಲುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 48ನೇ ಸೆಕ್ಷನ್ ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ವಿಪತ್ತಿನ ನಂತರದ ನೆರವಿಗಿರುವ ಸ್ಪಂದನಾ ನಿಧಿಯನ್ನೂ ಮುಂದಿನ ನಷ್ಟ ತಗ್ಗಿಸಲಿರುವ ಉಪಶಮನ ನಿಧಿಯನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ. ಆದರೂ ಉಪಶಮನಕ್ಕೆಂದು ಗಣನೀಯ ಹಣ ಒದಗಿದ್ದು 15ನೇ ಹಣಕಾಸು ಆಯೋಗದ ಶಿಫಾರಸಿನ ನಂತರ. 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಎಲ್ಲ ರಾಜ್ಯಗಳಿಗೂ ಸೇರಿ ಸೂಚಿಸಿದ 1,60,153 ಕೋಟಿ ರೂಪಾಯಿಯಲ್ಲಿ ಶೇ 80ರಷ್ಟನ್ನು ಸ್ಪಂದನೆಗೂ ಶೇ 20ರಷ್ಟನ್ನು ಉಪಶಮನಕ್ಕೂ ಆಯೋಗ ವಿಂಗಡಿಸಿತು. ಕರ್ನಾಟಕದಂಥ ರಾಜ್ಯಗಳ ಪಾಲಿನಲ್ಲಿ ಕೇಂದ್ರದ್ದು ಶೇ 75, ರಾಜ್ಯದ್ದು ಶೇ 25. ಉಪಶಮನದ ಹಣ ಸ್ಥಳೀಯ ಮಟ್ಟದ, ಸಮುದಾಯ ಆಧರಿತ ಕಾಮಗಾರಿಗಳಿಗೆ ಎಂಬುದು ಆಯೋಗದ ನಿಲುವು. ಕಡಲ ತಡೆಗೋಡೆ, ನದಿಯ ಪ್ರವಾಹ ಏರಿಯಂಥ ದೊಡ್ಡ ಕೆಲಸಗಳನ್ನು ಮಾಮೂಲಿ ಅಭಿವೃದ್ಧಿ ಯೋಜನೆಗಳಲ್ಲೇ ಕೈಗೊಳ್ಳಬೇಕೆಂದು ಅದು ಹೇಳಿದೆ. ಪರಿಸರದ ಅಂದ ಹೆಚ್ಚಿಸುವುದಕ್ಕೂ ಈ ಹಣವಿಲ್ಲ. ಹೀಗಿದ್ದರೂ ತಡೆಗೋಡೆಯ ಅಂದಾಜು ಪಟ್ಟಿಯ ಕೊನೆಯಲ್ಲಿ ಇಂಟರ್‌ಲಾಕ್ ಟೈಲ್ಸು, ಕಲ್ಲುಬೆಂಚು ಸೇರಿಸಿ ತಂದವರನ್ನು ಕಂಡಿದ್ದೇನೆ.

ಅರ್ಜಿ ಬರೆಯುವ ಮೊದಲು ಮಳೆಗಾಲದಲ್ಲೇ ಸ್ಥಳಕ್ಕೆ ಹೋಗಬೇಕೆಂಬುದು ನನ್ನ ಹಟ. ಒಂದು ಜುಲೈನಲ್ಲಿ ಪಿಡಿಒ ಅವರೊಂದಿಗೆ ಹೋಗಿದ್ದ ಊರಿನಲ್ಲಿ ಮನೆಗಳ ಸಾಲಿನ ಹಿಂದೆಯೇ ಕಡಿದಾದ ಧರೆ ಇತ್ತು. ಊರವರೆಲ್ಲ ಒಕ್ಕೊರಲಿನಿಂದ ಕೇಳುತ್ತಿದ್ದುದು ತಡೆಗೋಡೆಯನ್ನು. ಅಲ್ಲಿನ ಹಿರಿಯರೊಬ್ಬರು ಮಾತ್ರ, ‘ಸಾರ್, ಕೆಳಗೆ ನಿಂತು ನೋಡಿದರೆ ಏನೂ ತಿಳಿಯೋದಿಲ್ಲ, ಒಂದ್ಸಲ ಮೇಲೆ ಬನ್ನಿ’ ಎಂದು ಕರೆದೊಯ್ದರು. ಮೇಲಿನ ಮಣ್ಣುರಸ್ತೆಯ ಮೋರಿ ದರಕು, ಕೆಸರು ತುಂಬಿ ಕಟ್ಟಿಕೊಂಡಿತ್ತು. ಹಳ್ಳಕ್ಕೆ ಇಳಿಯಬೇಕಾದ ನೀರೆಲ್ಲ ರಸ್ತೆಯಗುಂಟ ಹರಿದು ಧರೆಯ ನೆತ್ತಿಯಲ್ಲಿದ್ದ ಬಿರುಕಿನೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಆ ಬಿರುಕಿಗೆ ಕೊಡೆಯ ತುದಿ ಇಳಿಸಿದರೆ ಅರ್ಧ ಕೊಡೆ ಒಳಗೆ ಹೋಯಿತು. ಕೆಳಗೆ ಬಂದು ನೋಡಿದಾಗ ಮನೆಯೊಂದರ ಬಚ್ಚಲ ಹಿಂದೆ ಕೆಂಪು ನೀರು ಒಸರುತ್ತಿತ್ತು. ಅಲ್ಲಿ ಬರೀ ಗೋಡೆ ಕಟ್ಟಿದ್ದರೆ ಅದರ ಹಿಂದೆ ನೀರು ನಿಂತು, ಆ ಒತ್ತಡಕ್ಕೆ ಧರೆಯ ಜೊತೆಗೆ ಗೋಡೆಯೂ ಮನೆಗಳ ಮೇಲೆ ಬರುವ ಅಪಾಯವಿತ್ತು. ಹೀಗಾಗಿ ಕೋರಿಕೆಯ ಮೊದಲ ಸಾಲಿನಲ್ಲಿ ದೊಡ್ಡ ಮೋರಿಯೂ ನೆತ್ತಿಯ ಬಸಿಗಾಲುವೆಯೂ ಬಂದವು. ನೀರು ಹೊರಬರಲು ಕಿಂಡಿಗಳಿರುವ ಗಿಡ್ಡ ಗೋಡೆ ಕೊನೆಗೆ ಸರಿಯಿತು. ಆ ಬಿರುಕಿನ, ಒಸರಿನ ಫೋಟೊಗಳು ದಿನಾಂಕ ಸಹಿತ ವರದಿಗೆ ಸೇರಿದವು.

ಆದರೆ ಬಹಳಷ್ಟು ಅರ್ಜಿಗಳು ಎಡವುವುದು ತಾಂತ್ರಿಕ ಭಾಗದಲ್ಲಿ ಅಲ್ಲವೇ ಅಲ್ಲ ಎಂಬುದು ನನ್ನ ಅನುಭವ. ನಷ್ಟದ ಲೆಕ್ಕವೇ ಪಂಚಾಯಿತಿಯಲ್ಲಿ ಇರುವುದಿಲ್ಲ. 2018ರ ಆಗಸ್ಟ್‌ನ ಕೊಡಗು ಅಥವಾ 2024ರ ಜುಲೈನ ಶಿರೂರಿನಂಥ ದುರಂತಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಪ್ರತಿ ಮಳೆಗಾಲದಲ್ಲೂ ಅದೇ ತಿರುವಿನಲ್ಲಿ ಮಣ್ಣು ತೆಗೆಸಿದ ಜೆಸಿಬಿ ಬಾಡಿಗೆ, ಮಣ್ಣಡಿ ಹೋದ ಅಡಿಕೆ ಸಸಿಗಳು, ಬಸ್ಸು ಬಾರದ ದಿನಗಳು ಯಾವ ಪುಸ್ತಕಕ್ಕೂ ಏರುವುದಿಲ್ಲ. ಒಂದು ರಸ್ತೆ ಎರಡು ವರ್ಷಕ್ಕೊಮ್ಮೆ ಕೊಚ್ಚಿಹೋಗಿ ಪ್ರತಿಸಲ ಮೂರು ಲಕ್ಷ ರೂಪಾಯಿ ತಿನ್ನುತ್ತಿದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ವರ್ಷ ಬಾಳುವ ಮೋರಿಗೆ ಹದಿನೈದು ಲಕ್ಷ ತಗುಲಿದರೆ, ಅದೇ ಅವಧಿಯಲ್ಲಿ ತಪ್ಪುವ ದುರಸ್ತಿ ವೆಚ್ಚವೇ ಮೂವತ್ತು ಲಕ್ಷ. ಪರಿಶೀಲಿಸುವ ಅಧಿಕಾರಿಗೆ ಬೇಕಿರುವುದು ಈ ನಾಲ್ಕು ಸಾಲು ಮತ್ತು ಅದಕ್ಕೆ ಆಧಾರವಾದ ಬಿಲ್ಲು, ಮಹಜರು, ಗ್ರಾಮಸಭೆಯ ನಡಾವಳಿ. ಮಳೆಯ ಅಂಕಿಅಂಶಕ್ಕೆ ಪರದಾಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಜಾಲ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹರಡಿದೆ. ಭೂಕುಸಿತದ ಸಾಧ್ಯತೆಯ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸಿದ್ಧಪಡಿಸಿದೆ. ನಿಮ್ಮ ಸ್ಥಳವನ್ನು ಅದರಲ್ಲಿ ಗುರುತಿಸಿ ಲಗತ್ತಿಸಿ.

ಜಮೀನಿನ ವಿಷಯ ಚಿಕ್ಕದಾಗಿ ಕಂಡರೂ ಕಡತವನ್ನು ವರ್ಷಗಟ್ಟಲೆ ಕೂರಿಸಬಲ್ಲದು. ಬಸಿಗಾಲುವೆ ಹಾಯುವ ನೆತ್ತಿ ಸೊಪ್ಪಿನ ಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಮೀಸಲು ಅರಣ್ಯವೋ, ಖಾಸಗಿ ಹಿಡುವಳಿಯೋ ಎಂಬುದನ್ನು ಸರ್ವೆ ನಂಬರ್ ಸಮೇತ ಮೊದಲೇ ಖಚಿತಪಡಿಸಿಕೊಂಡು, ಅರಣ್ಯವಾಗಿದ್ದರೆ ಆ ಇಲಾಖೆಗೆ ಕಾಗದವನ್ನು ಜೊತೆಜೊತೆಗೇ ಹಾಕಬೇಕು.

ಸಿದ್ಧವಾದ ಪ್ರಸ್ತಾವವನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಸಲ್ಲಿಸುವಾಗ, ಮೋರಿಯ ಹೂಳನ್ನು ಪ್ರತಿವರ್ಷ ಮೇ ತಿಂಗಳಲ್ಲಿ ಪಂಚಾಯಿತಿಯ ಸ್ವಂತ ಹಣದಿಂದ ತೆಗೆಸುತ್ತೇವೆಂಬ ನಿರ್ಣಯವೊಂದನ್ನು ಸೇರಿಸಲು ನಾನು ಒತ್ತಾಯಿಸುತ್ತೇನೆ. ಮೇಲೆ ಹೇಳಿದ ಊರಿನಲ್ಲಿ ಆ ಕೆಲಸ ಈಗ ನೀರುಗಂಟಿಯವರ ಪಾಲಿಗೆ ಬಂದಿದೆ. ಹೂಳು ತೆಗೆದ ದಿನವನ್ನು ಅವರು ಪಂಚಾಯಿತಿಯ ವಹಿಯಲ್ಲಿ ಬರೆದು ಸಹಿ ಹಾಕುತ್ತಾರೆ.