ಬಣ್ಣದ ಮೇಲೆ ಬಣ್ಣ ಹಚ್ಚಿದರೆ ಕಪ್ಪು ತಿಳಿಯಾಗುವುದಿಲ್ಲ

ನನ್ನ ಪಾರ್ಲರಿನ ಕುರ್ಚಿಯಲ್ಲಿ ಕುಳಿತ ಕೂಡಲೇ ಫೋನ್ ತೆಗೆದು ಫೋಟೊ ತೋರಿಸುವವರ ಬಗ್ಗೆ ನನಗೆ ಬೇಸರವಿಲ್ಲ. ಬೇಕಾದ ಬಣ್ಣವನ್ನು ಮಾತಿನಲ್ಲಿ ವಿವರಿಸುವುದು ಯಾರಿಗಾದರೂ ಕಷ್ಟವೇ. ಬೇಸರ ಶುರುವಾಗುವುದು ಆಮೇಲೆ. "ಈ ಮೊದಲು ಕೂದಲಿಗೆ ಏನಾದರೂ ಹಚ್ಚಿದ್ದೀರಾ?" ಎಂದು ಕೇಳಿದರೆ "ಏನೂ ಇಲ್ಲ ಮೇಡಂ" ಎಂಬ ಉತ್ತರ ಬರುತ್ತದೆ. ನಾನು ಬೈತಲೆ ಬಿಡಿಸಿ ಬುಡ ನೋಡುತ್ತಾ ಮತ್ತೊಮ್ಮೆ ಕೇಳಿದಾಗ, "ಡೈ ಅಲ್ಲ, ಬರೀ ಶಾಂಪೂ" ಎಂಬ ಮಾತು ಹೊರಬರುತ್ತದೆ. ಆ ಶಾಂಪೂ ಎಂದರೆ ಕಿರಾಣಿ ಅಂಗಡಿಯ ಮುಂದೆ ಸರವಾಗಿ ನೇತಾಡುವ, ಕೈಗವಸು ಹಾಕಿಕೊಂಡು ಹಚ್ಚಬೇಕಾದ ಪೊಟ್ಟಣ. ಕೆಲವೇ ನಿಮಿಷಗಳಲ್ಲಿ ನರೆಯನ್ನು ಕಡುಗಪ್ಪು ಮಾಡಿ ವಾರಗಟ್ಟಲೆ ಹಾಗೆಯೇ ಉಳಿಸುವ ವಸ್ತುವಿನಲ್ಲಿ ನೊರೆ ಬಂದರೂ ಅದು ಡೈಯೇ.

ಇದನ್ನು ನಾನು ಪೊಲೀಸರಂತೆ ವಿಚಾರಿಸುವುದಕ್ಕೆ ಕಾರಣವಿದೆ. ಕೂದಲಿನ ಗಾಢತೆಯನ್ನು ನಾವು 1ರಿಂದ 10ರವರೆಗಿನ ಲೆವೆಲ್‌ಗಳಲ್ಲಿ ಅಳೆಯುತ್ತೇವೆ; 1 ಕಡುಗಪ್ಪು, 10 ತೀರಾ ತಿಳಿಯಾದ ಹೊಂಬಣ್ಣ. ನಮ್ಮ ಕಡೆಯವರ ಹುಟ್ಟುಗೂದಲು ಸಾಮಾನ್ಯವಾಗಿ 2 ಅಥವಾ 3ರಲ್ಲಿರುತ್ತದೆ. ಟ್ಯೂಬಿನ ಬಣ್ಣವನ್ನು 20 ವಾಲ್ಯೂಮ್, ಅಂದರೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಇರುವ ಡೆವಲಪರ್ ಜೊತೆ ಕಲಸಿದರೆ ಅದು ಹುಟ್ಟುಗೂದಲನ್ನು ಒಂದೆರಡು ಲೆವೆಲ್ ಮೇಲೆತ್ತುತ್ತದೆ. 30 ವಾಲ್ಯೂಮ್ ಆದರೆ ಹೆಚ್ಚೆಂದರೆ ಮೂರು. ಹೀಗೆ ತಿಳಿಯಾಗುವುದು ಹುಟ್ಟಿನಿಂದ ಬಂದ ಬಣ್ಣದ ಅಂಶವಾದ ಮೆಲನಿನ್ ಮಾತ್ರ, ಏಕೆಂದರೆ ಪೆರಾಕ್ಸೈಡ್ ಅದನ್ನು ಒಡೆಯಬಲ್ಲದು. ಡೈಯಿಂದ ಒಳಹೊಕ್ಕು, ಕೂದಲಿನೊಳಗೇ ಒಂದಕ್ಕೊಂದು ಬೆಸೆದು ದೊಡ್ಡದಾಗಿ ಕುಳಿತಿರುವ ಕೃತಕ ಬಣ್ಣದ ಕಣಗಳನ್ನು ಇನ್ನೊಂದು ಟ್ಯೂಬಿನ ಬಣ್ಣ ಅಲುಗಿಸಲಾರದು. ಕಪ್ಪು ಸೀರೆಯನ್ನು ಹಳದಿ ಬಣ್ಣದ ನೀರಿನಲ್ಲಿ ಎಷ್ಟು ಹೊತ್ತು ಅದ್ದಿಟ್ಟರೂ ಅದು ಹಳದಿಯಾಗುವುದಿಲ್ಲವಲ್ಲ, ಹಾಗೆಯೇ.

"ಆದರೆ ನನ್ನ ನಾದಿನಿಗೆ ಅದೇ ಟ್ಯೂಬಿನಲ್ಲಿ ಚೆನ್ನಾಗಿ ಬಂತಲ್ಲ" ಎಂದು ಕೇಳುವವರಿಗೆ ನನ್ನ ಉತ್ತರವೂ ಇದೇ: ನಾದಿನಿಯ ತಲೆಯಲ್ಲಿ ಹುಟ್ಟುಗೂದಲಿತ್ತು, ನಿಮ್ಮ ತಲೆಯಲ್ಲಿ ಹೋದ ದೀಪಾವಳಿಯ ಡೈ ಇದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ ಎಂದಿಟ್ಟುಕೊಂಡರೆ, ಸೊಂಟದವರೆಗಿನ ಜಡೆಯ ತುದಿಯಲ್ಲಿ ನಾಲ್ಕೈದು ವರ್ಷ ಹಿಂದೆ ಹಚ್ಚಿದ್ದೂ ಕುಳಿತಿರಬಹುದು. "ಬಿಟ್ಟು ಎರಡು ವರ್ಷವಾಯಿತು" ಎಂದರೆ ಬುಡದಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿನ ಕೂದಲು ಮಾತ್ರ ಡೈ ಕಂಡಿಲ್ಲ ಎಂದರ್ಥ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಹೋದ ವರ್ಷ ತಲೆಗೆ ದುಪಟ್ಟಾ ಸುತ್ತಿಕೊಂಡು ಬಂದ ಒಬ್ಬ ತಾಯಿಯ ತಲೆಯಲ್ಲಿ ನೋಡಿದೆ. ಮಗಳ ನಿಶ್ಚಿತಾರ್ಥಕ್ಕೆ ನಾಲ್ಕೇ ದಿನ ಉಳಿದಿತ್ತು. ಆರು ವರ್ಷ ಬಿಡದೆ ಕಪ್ಪು ಡೈ ಹಚ್ಚಿದ್ದ ಕೂದಲಿಗೆ ಎಲ್ಲೋ ಒಂದು ಕಡೆ ಜೇನಿನ ಬಣ್ಣವನ್ನು ಗ್ಲೋಬಲ್ ಆಗಿ, ಅಂದರೆ ಇಡೀ ತಲೆಗೆ ಒಂದೇ ಸಮ ಹಚ್ಚಿದ್ದರು. ಹೊಸದಾಗಿ ಬೆಳೆದಿದ್ದ ಎರಡು ಬೆರಳಗಲದ ಬುಡ ನೆತ್ತಿಯ ಬಿಸಿಯೂ ಸೇರಿ ಕಿತ್ತಳೆಗೆ ಏರಿತ್ತು, ಅದರ ಕೆಳಗಿನದೆಲ್ಲ ಇದ್ದಂತೆಯೇ ಕಪ್ಪಾಗಿತ್ತು. ಅವರಿಗೆ ಬುಡವನ್ನು ಮತ್ತೆ ಗಾಢ ಮಾಡಿ ಕಳುಹಿಸಿದೆ. ನಾಲ್ಕು ದಿನದಲ್ಲಿ ಮರ್ಯಾದೆಯಿಂದ ಮಾಡಬಹುದಾಗಿದ್ದುದು ಅಷ್ಟೇ.

ಮೆಹಂದಿಯದು ಇನ್ನೊಂದು ಕಥೆ. ಬರೀ ಮೆಹಂದಿ ಸೊಪ್ಪಿನ ಬಣ್ಣ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಜೊತೆಗೆ ನೀಲಿ ಸೊಪ್ಪಿನ ಪುಡಿ ಸೇರಿದ್ದರೆ ಬ್ಲೀಚ್ ಮಾಡಿದಾಗ ಹಸಿರು ಛಾಯೆ ಇಣುಕುವುದೂ ಉಂಟು. ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿದ್ದು, ಪೆರಾಕ್ಸೈಡ್ ತಾಗಿದರೆ ಬಿಸಿಯೇಳುತ್ತವೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರ ಮಾತನ್ನು ನಂಬಿ ಪರೀಕ್ಷೆ ಮಾಡದೆ ಎಳೆಗಳಿಗೆ ಬ್ಲೀಚ್ ಹಚ್ಚಿ ಫಾಯಿಲ್ ಸುತ್ತಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಫಾಯಿಲ್ ಕಾದ ತಟ್ಟೆಯಂತಾಯಿತು. ಓಡಿ ತೊಳೆದರೂ ಆ ಒಂದು ಎಳೆಗಟ್ಟು ತುಂಡಾಗಿ ಕೈಗೆ ಬಂತು. ತಪ್ಪು ನನ್ನದೇ, ಅವರದಲ್ಲ.

ಅಂದಿನಿಂದ ಎಳೆ ಪರೀಕ್ಷೆ ಮಾಡದೆ ಹೊಸಬರ ತಲೆಗೆ ಬ್ಲೀಚ್ ಮುಟ್ಟಿಸುವುದಿಲ್ಲ. ಹಿಂಗುತ್ತಿಗೆಯ ಒಳಪದರದಿಂದ ಬೆಂಕಿಕಡ್ಡಿಯ ದಪ್ಪದಷ್ಟು ಕೂದಲನ್ನು ಕತ್ತರಿಸಿ, ಒಂದು ತುದಿಗೆ ದಾರ ಕಟ್ಟಿ, ತಲೆಯಿಂದ ದೂರ ಒಂದು ಬಟ್ಟಲಿನಲ್ಲಿ ಬ್ಲೀಚ್ ಹಚ್ಚಿಟ್ಟು, ಹತ್ತು ಹತ್ತು ನಿಮಿಷಕ್ಕೆ ಒರೆಸಿ ಬಿಳಿ ಟವೆಲ್ ಮೇಲೆ ಇಟ್ಟು ನೋಡುತ್ತೇನೆ. ಹುಟ್ಟುಗೂದಲಿನ ಭಾಗ ಕೆಂಪು, ಕಿತ್ತಳೆ, ಹಳದಿ ಎಂದು ಮೆಟ್ಟಿಲು ಹತ್ತುತ್ತದೆ. ಡೈ ಕಂಡ ಭಾಗ ಇಟ್ಟಿಗೆ ಬಣ್ಣದಲ್ಲೇ ಹಟ ಹಿಡಿದು ನಿಲ್ಲುತ್ತದೆ. ಅದನ್ನು ಗ್ರಾಹಕರ ಅಂಗೈಯಲ್ಲಿಟ್ಟರೆ ನನ್ನ ಅರ್ಧ ಗಂಟೆಯ ಉಪನ್ಯಾಸ ತಪ್ಪುತ್ತದೆ.

ವಿಧಾನ ಯಾವುದು ಎಂಬ ಪ್ರಶ್ನೆ ಏಳಬೇಕಾದದ್ದು ಈ ಹಂತದಲ್ಲಿ. ಡೈ ಕಾಣದ ಕೂದಲಿಗೆ ಒಂದೆರಡು ಲೆವೆಲ್ ಸಾಕೆನ್ನುವವರಿಗೆ ಗ್ಲೋಬಲ್ ಚೆನ್ನಾಗಿಯೇ ಬರುತ್ತದೆ. ನರೆ ಚದುರಿದಂತೆ ಅಲ್ಲಲ್ಲಿ ಇದ್ದರೆ ಎಲ್ಲವನ್ನೂ ಮುಚ್ಚಲು ಹೋಗದೆ ಸಣ್ಣ ಹೈಲೈಟ್ಸ್ ಹಾಕಿ, ಅಂದರೆ ಕೆಲವು ತೆಳು ಎಳೆಗಳನ್ನಷ್ಟೇ ತಿಳಿ ಮಾಡಿ, ಬೆರೆಸುವುದು ಲೇಸು, ಬೆಳೆದಾಗ ಬುಡದಲ್ಲಿ ಬಿಳಿ ಗೆರೆ ಎದ್ದು ಕಾಣುವುದಿಲ್ಲ. ಅರ್ಧಕ್ಕಿಂತ ಹೆಚ್ಚು ನರೆತಿದ್ದು ಅದನ್ನು ಮುಚ್ಚಲೇಬೇಕೆಂದರೆ ಮೂರು ನಾಲ್ಕು ವಾರಕ್ಕೊಮ್ಮೆ ಬುಡಕ್ಕೆ ಮಾತ್ರ ಹಚ್ಚಬೇಕು; ಪ್ರತಿಸಲವೂ ತುದಿಯವರೆಗೆ ಎಳೆದರೆ ತುದಿ ಮಸಿಯಂತೆ ಕಪ್ಪುಗಟ್ಟುತ್ತದೆ. ಇನ್ನು ಎಲ್ಲರೂ ಕೇಳುವ ಬಲಯಾಜ್: ಬ್ರಷ್‌ನಿಂದ ಗುಡಿಸಿದಂತೆ ಮೇಲಿಂದ ಹಚ್ಚುವ ಈ ಕಲೆ ತಿಳಿಗಂದು ಕೂದಲಿನ ಮೇಲೆ ಸೊಗಸಾಗಿ ಬರುತ್ತದೆ, ಆದರೆ 2ನೇ ಲೆವೆಲ್‌ನ ಕೂದಲಿನಲ್ಲಿ ಬ್ಲೀಚ್ ಗಾಳಿಗೆ ಒಣಗಿ ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಅದನ್ನು ಬಿಸಿ ಮತ್ತು ತೇವವನ್ನು ಹಿಡಿದಿಡುವ ಫಾಯಿಲ್‌ನೊಳಗೇ ಮಾಡುವುದು ಹೆಚ್ಚು. ಉಳಿಯುವ ಕಿತ್ತಳೆಯನ್ನು ನೀಲಿ ಟೋನರ್‌ನಿಂದ, ಅಂದರೆ ಛಾಯೆ ತಿದ್ದುವ ತೆಳು ಬಣ್ಣದಿಂದ, ಅಡಗಿಸುತ್ತೇವೆ. ಕೆಲವು ವಾರಗಳ ಸ್ನಾನದಲ್ಲಿ, ಅದರಲ್ಲೂ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ, ಟೋನರ್ ತೊಳೆದುಹೋಗಿ ಕಿತ್ತಳೆ ಮತ್ತೆ ಕಾಣುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಎಚ್ಚರಿಕೆ. ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಬಣ್ಣ ಸ್ವಲ್ಪ ಹಚ್ಚಿ ಅಲರ್ಜಿ ಇದೆಯೇ ಎಂದು ನೋಡುವ ಪ್ಯಾಚ್ ಟೆಸ್ಟ್ ಆಗಲೇಬೇಕು. ಜಾತ್ರೆಯಲ್ಲಿ ಹಾಕಿಸಿಕೊಂಡ ಕಪ್ಪು ಮೆಹಂದಿಯಿಂದ ಎಂದಾದರೂ ಕೈ ಗುಳ್ಳೆ ಎದ್ದಿದ್ದರೆ ಚರ್ಮವೈದ್ಯರನ್ನು ಕಂಡು ಬನ್ನಿ ಎನ್ನುತ್ತೇನೆ. ಅಲ್ಲಿಯವರೆಗೆ ನನ್ನ ಬ್ರಷ್ ಏಳುವುದಿಲ್ಲ.

ನಿಶ್ಚಿತಾರ್ಥ ಮುಗಿಸಿ ಆ ತಾಯಿ ಮತ್ತೆ ಬಂದರು. ಈ ಸಲ ಫೋಟೊ ಇರಲಿಲ್ಲ. ತರಕಾರಿಯ ಕವರಿನಲ್ಲಿ ಖಾಲಿ ಪೊಟ್ಟಣಗಳನ್ನು ತುಂಬಿಕೊಂಡು ಬಂದಿದ್ದರು. ಒಂದರ ಮುಂದೆ ಹಸಿರೆಲೆಯ ಚಿತ್ರ, ಹಿಂದೆ ಇರುವೆಸಾಲಿನಂಥ ಅಕ್ಷರದಲ್ಲಿ ಪಿಪಿಡಿ, ಅಂದರೆ ಕಪ್ಪು ಡೈಯ ರಾಸಾಯನಿಕ. "ಅಮ್ಮ, ಉದ್ದದಲ್ಲಿರುವ ಕಪ್ಪನ್ನು ಬ್ಲೀಚಿನಿಂದ ಕೀಳಲು ಹೋದರೆ ಕೂದಲೇ ಹೋಗುತ್ತದೆ, ಕಾಯೋಣವೇ?" ಎಂದೆ. ಒಪ್ಪಿದರು. ಡೈ ನಿಲ್ಲಿಸಿ, ಮುಖದ ಸುತ್ತ ಬೆಳೆದು ಬರುವ ನರೆಯ ಜೊತೆ ಸಣ್ಣ ಸಣ್ಣ ಹೈಲೈಟ್ಸ್ ಬೆರೆಸುತ್ತಾ, ಎರಡು ತಿಂಗಳಿಗೊಮ್ಮೆ ತುದಿಯನ್ನು ಎರಡು ಇಂಚು ಕತ್ತರಿಸುತ್ತಾ ಬಂದಿದ್ದೇವೆ. ಮೊನ್ನೆ ಅಳೆದಾಗ ಹಳೆಯ ಕಪ್ಪು ತುದಿಯಲ್ಲಿ ನಾಲ್ಕು ಬೆರಳಗಲ ಉಳಿದಿತ್ತು. ಮೊಮ್ಮಗುವಿನ ನಾಮಕರಣದೊಳಗೆ ಅದೂ ಹೋಗಬೇಕೆಂದು ಅವರ ಹಟ.